ಮುಚ್ಚಳ ಮುಚ್ಚಿದ ತಕ್ಷಣ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗುತ್ತದೆ, ತಡೆಯೋದು ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿರೋದು ಲಿನಕ್ಸ್. ನಿನ್ನೆ ರಾತ್ರಿ ಹಳೇ ಫೋಟೋಗಳನ್ನೆಲ್ಲ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಆಗೋಕೆ ಬಿಟ್ಟು, ಸ್ಕ್ರೀನ್ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು ಅಂತ ಮುಚ್ಚಳ ಮುಚ್ಚಿ ಮಲಗಿದೆ. ಬೆಳಿಗ್ಗೆ ತೆಗೆದು ನೋಡಿದರೆ 12 ಪರ್ಸೆಂಟ್‌ನಲ್ಲೇ ನಿಂತಿದೆ! ಚಾರ್ಜರ್ ಹಾಕೇ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಆಟೋಮ್ಯಾಟಿಕ್ ಸಸ್ಪೆಂಡ್ ಕೂಡ ಆಫ್ ಮಾಡಿದ್ದೇನೆ. ಇನ್ನೊಂದು ವಿಷಯ, ಒಮ್ಮೊಮ್ಮೆ ಮುಚ್ಚಳ ತೆರೆದೇ ಇದ್ದರೂ ಟೈಪ್ ಮಾಡುತ್ತಿರುವಾಗಲೇ ಸ್ಲೀಪ್‌ಗೆ ಹೋಗಿಬಿಡುತ್ತದೆ. ಎರಡಕ್ಕೂ ಸಂಬಂಧ ಇದೆಯಾ?

ಉತ್ತರ 1:
ಆಟೋಮ್ಯಾಟಿಕ್ ಸಸ್ಪೆಂಡ್ ಅನ್ನೋದು ಸುಮ್ನೆ ಬಿಟ್ಟಾಗ ಇಷ್ಟು ನಿಮಿಷಕ್ಕೆ ಮಲಗು ಅಂತ ಹೇಳೋ ಸೆಟ್ಟಿಂಗ್ ಅಷ್ಟೆ. ಮುಚ್ಚಳದ ವಿಷಯ ನೋಡಿಕೊಳ್ಳೋದು ಲಾಗಿನ್‌ಡಿ; ಲಿನಕ್ಸ್‌ನ ಹಿನ್ನೆಲೆ ಕೆಲಸಗಳನ್ನು ನಡೆಸೋ ಸಿಸ್ಟಮ್‌ಡಿಯ ಒಂದು ಭಾಗ ಅದು. ಇಟಿಸಿ ಫೋಲ್ಡರ್ ಒಳಗಿನ ಸಿಸ್ಟಮ್‌ಡಿ ಫೋಲ್ಡರ್‌ನಲ್ಲಿ ಲಾಗಿನ್‌ಡಿ ಡಾಟ್ ಕಾನ್ಫ್ ಅಂತ ಫೈಲ್ ಇರುತ್ತದೆ. ಅದರಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್ ಅಂತ ಶುರುವಾಗೋ ಸಾಲುಗಳಿವೆ. ಕೊನೆಯಲ್ಲಿ ಎಕ್ಸ್‌ಟರ್ನಲ್‌ಪವರ್ ಅಂತ ಇರೋ ಸಾಲು ಹುಡುಕಿ, ಸಾಲಿನ ಶುರುವಿನ ಹ್ಯಾಶ್ (#) ಗುರುತು ತೆಗೆದು, ಈಕ್ವಲ್ (=) ಗುರುತಿನ ನಂತರ ಇಗ್ನೋರ್ (ignore, ಅಂದರೆ ಏನೂ ಮಾಡಬೇಡ) ಅಂತ ಬರೆಯಿರಿ. ಚಾರ್ಜರ್ ಇದ್ದಾಗ ಮಾತ್ರ ಇದು ಅನ್ವಯ ಆಗುತ್ತದೆ. ಬರೀ ಹ್ಯಾಂಡಲ್‌ಲಿಡ್‌ಸ್ವಿಚ್ ಅಂತ ಇರೋದನ್ನು ಮುಟ್ಟಬೇಡಿ, ಅದು ಸಸ್ಪೆಂಡ್ ಆಗೇ ಇರಲಿ. ಆಮೇಲೆ ತೆರೆದಿರೋ ಕೆಲಸ ಸೇವ್ ಮಾಡಿ ರೀಬೂಟ್ ಮಾಡಿ. ಲಾಗಿನ್‌ಡಿ ಒಂದನ್ನೇ ರೀಸ್ಟಾರ್ಟ್ ಮಾಡೋಕೆ ಹೋದರೆ ನಿಮ್ಮ ಸೆಷನ್ನೇ ಹೋಗಿಬಿಡಬಹುದು.

ಕೆಡಿಇ ಅನ್ನೋ ಡೆಸ್ಕ್‌ಟಾಪ್ ಬಳಸುತ್ತಿದ್ದರೆ ಈ ಫೈಲ್ ಬದಲಿಸಿ ಪ್ರಯೋಜನ ಇಲ್ಲ, ಮುಚ್ಚಳವನ್ನು ಅದೇ ನೋಡಿಕೊಳ್ಳುತ್ತದೆ. ಅದರ ಪವರ್ ಸೆಟ್ಟಿಂಗ್‌ನಲ್ಲೇ ಚಾರ್ಜರ್‌ಗೆ ಬೇರೆ, ಬ್ಯಾಟರಿಗೆ ಬೇರೆ ಆಯ್ಕೆ ಸಿಗುತ್ತದೆ.

ಉತ್ತರ 2:
ತೆರೆದಿದ್ದಾಗಲೂ ಮಲಗುತ್ತದೆ ಅಂದಿರಲ್ಲ, ಪಕ್ಕದಲ್ಲಿ ಏನು ಇಟ್ಟಿರುತ್ತೀರಿ ನೋಡಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಳದ ಅಂಚಿನಲ್ಲಿ ಚಿಕ್ಕ ಅಯಸ್ಕಾಂತ, ಕೆಳಗಡೆ ಅದನ್ನು ಗುರುತಿಸೋ ಸೆನ್ಸರ್ ಇರುತ್ತದೆ. ನನ್ನ ಫೋನಿನ ಕವರ್‌ನಲ್ಲೂ ಅಯಸ್ಕಾಂತ ಇತ್ತು. ಟಚ್‌ಪ್ಯಾಡ್‌ನ ಎಡಕ್ಕೆ ಫೋನ್ ಇಟ್ಟಾಗೆಲ್ಲ ಸ್ಕ್ರೀನ್ ಕಪ್ಪಾಗುತ್ತಿತ್ತು, ಎತ್ತಿದರೆ ಸರಿ. ಎರಡು ವಾರ ಬ್ಯಾಟರಿನೇ ಹಾಳಾಗಿದೆ ಅಂದುಕೊಂಡು ತುಂಬಾ ಒದ್ದಾಡಿದೆ. ಒಂದು ಲ್ಯಾಪ್‌ಟಾಪ್ ಮೇಲೆ ಇನ್ನೊಂದು ಇಟ್ಟರೂ ಹೀಗಾಗಬಹುದು.

ಒಂದು ರಾತ್ರಿ ಕಾಪಿಗೆ ಫೈಲ್ ಬದಲಿಸೋದು ಬೇಡ ಅನಿಸಿದರೆ ಸಿಸ್ಟಮ್‌ಡಿ-ಇನ್ಹಿಬಿಟ್ ಅನ್ನೋ ಕಮಾಂಡ್ ಇದೆ. ಅದರ ವಾಟ್ (what) ಆಯ್ಕೆಗೆ ಹ್ಯಾಂಡಲ್-ಲಿಡ್-ಸ್ವಿಚ್ ಅಂತ ಕೊಟ್ಟು, ಮುಂದೆ ನಿಮ್ಮ ಕಾಪಿ ಕಮಾಂಡ್ ಬರೆಯಿರಿ. ಕಾಪಿ ಮುಗಿಯೋ ತನಕ ಮುಚ್ಚಳ ಮುಚ್ಚಿದರೂ ಮಲಗಲ್ಲ, ಮುಗಿದ ಮೇಲೆ ಮೊದಲಿನಂತೆ.

ಉತ್ತರ 3:
ದಯವಿಟ್ಟು ಬ್ಯಾಟರಿಯಲ್ಲೂ ಇಗ್ನೋರ್ ಮಾಡಬೇಡಿ. ನಾನು ವಿಂಡೋಸ್‌ನಲ್ಲಿ ಎರಡೂ ಕಡೆ "ಏನೂ ಮಾಡಬೇಡ" ಅಂತ ಇಟ್ಟಿದ್ದೆ. ಒಂದು ದಿನ ಅವಸರದಲ್ಲಿ ಮುಚ್ಚಿ ಬ್ಯಾಗಿಗೆ ಹಾಕಿದೆ. ಒಂದು ಗಂಟೆ ಆದ ಮೇಲೆ ಬ್ಯಾಗಿಗೆ ಕೈ ಹಾಕಿದರೆ ತಳ ಮುಟ್ಟೋಕೆ ಆಗದಷ್ಟು ಬಿಸಿ, ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಆದರೆ ಸುತ್ತ ಬಟ್ಟೆ ಇದ್ದರೆ ಗಾಳಿ ಎಲ್ಲಿಂದ ಬರಬೇಕು? ಈಗ ಚಾರ್ಜರ್‌ನಲ್ಲಿ "ಏನೂ ಮಾಡಬೇಡ", ಬ್ಯಾಟರಿಯಲ್ಲಿ ಹೈಬರ್ನೇಟ್ ಇಟ್ಟಿದ್ದೇನೆ. ಹೈಬರ್ನೇಟ್‌ನಲ್ಲಿ ರ್‍ಯಾಮ್‌ನಲ್ಲಿ ಇರೋದೆಲ್ಲ ಡಿಸ್ಕ್‌ಗೆ ಹೋಗಿ ಮೆಷಿನ್ ಪೂರ್ತಿ ಆಫ್ ಆಗುತ್ತದೆ. ತೆರೆದುಕೊಳ್ಳೋಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಪರವಾಗಿಲ್ಲ.

ಪ್ರಶ್ನೆ ಕೇಳಿದವರು:
ಫೋನ್ ಕವರ್ರೇ ಕಾರಣ! ಎಡಗಡೆ ಇಟ್ಟು ನೋಡಿದೆ, ತಕ್ಷಣ ಕಪ್ಪಾಯಿತು. ಎಕ್ಸ್‌ಟರ್ನಲ್‌ಪವರ್ ಸಾಲನ್ನೂ ಬದಲಿಸಿ ರೀಬೂಟ್ ಮಾಡಿದೆ, ಈಗ ಮುಚ್ಚಿದರೂ ಹಾರ್ಡ್ ಡಿಸ್ಕ್‌ನ ದೀಪ ಮಿನುಗುತ್ತಲೇ ಇದೆ. ಮುಚ್ಚಿದ ಮೇಲೆ ಚಾರ್ಜರ್ ಕಿತ್ತರೆ ತಾನಾಗೇ ಮಲಗುತ್ತದಾ?

ಉತ್ತರ 1:
ಅದನ್ನು ನಂಬಿಕೊಂಡು ಇರಬೇಡಿ. ಚಾರ್ಜರ್ ಕಿತ್ತ ಮೇಲೆ ಮುಚ್ಚಳ ಒಮ್ಮೆ ತೆಗೆದು ಮತ್ತೆ ಮುಚ್ಚಿ. ಫ್ಯಾನ್ ನಿಂತಿದೆಯಾ ಅಂತ ಕಿವಿ ಇಟ್ಟು ಕೇಳಿ, ಆಮೇಲೆ ಬ್ಯಾಗಿಗೆ ಹಾಕಿ.