ಅಜ್ಜಿಯ ‘ಪರವಾಗಿಲ್ಲ’ವನ್ನು ಮಕ್ಕಳ ಮೇಲೆ ಹಾಕಬೇಡಿ

ಊರಿಂದ ಅಪ್ಪ ಅಮ್ಮ ಅಮೆರಿಕಕ್ಕೆ ಬರುವ ಮುಂಚೆ ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ಇನ್ಶೂರೆನ್ಸ್ ವಿಷಯ ಎಲ್ಲರೂ ಹೇಳಿದ್ದಾರೆ. ನಾನು ಬೇರೆ ಒಂದು ಹೇಳುತ್ತೇನೆ: ಆಸ್ಪತ್ರೆಯಲ್ಲಿ ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳುವ ಕೆಲಸ ಮಕ್ಕಳಿಗೆ ಕೊಡಬೇಡಿ, ದುಭಾಷಿಯನ್ನು ಕೇಳಿ.

ಹೋದ ವರ್ಷ ನಮ್ಮ ಅತ್ತೆ ಇಲ್ಲಿ ನ್ಯೂಜೆರ್ಸಿಗೆ ಬಂದಿದ್ದಾಗ ಪಿತ್ತಕೋಶದಲ್ಲಿ ಕಲ್ಲಾಗಿ ಆಸ್ಪತ್ರೆ ಸೇರಿದರು. ನಮ್ಮವರು ಕೌಂಟರಿನಲ್ಲಿ ಫಾರ್ಮ್ ತುಂಬುತ್ತಿದ್ದರು. ಅತ್ತೆ ಪಕ್ಕದಲ್ಲಿದ್ದದ್ದು 11 ವರ್ಷದ ಮಗಳು ಮಾತ್ರ. 0ಯಿಂದ 10ರಲ್ಲಿ ನೋವು ಎಷ್ಟು ಅಂತ ನರ್ಸ್ ಕೇಳಿದರು. ‘ಪರವಾಗಿಲ್ಲ ಪುಟ್ಟಾ’ ಅಂದರು ಅತ್ತೆ. ಮಗಳು ‘ಶೀ ಈಸ್ ಫೈನ್’ ಅಂದಳು. ನರ್ಸ್ 2 ಅಂತ ಬರೆದುಕೊಂಡರು. ನಾನು ಓಡಿ ಬಂದು ನೋಡಿದರೆ ಅತ್ತೆ ಮಂಚದ ಕಂಬಿಯನ್ನು ಬೆರಳು ಬಿಳಿಚಿಕೊಳ್ಳುವ ಹಾಗೆ ಹಿಡಿದಿದ್ದರು.

ಮಗು ಹೆದರಬಾರದು ಅಂತ ಅಂದ ಪರವಾಗಿಲ್ಲ ಅದು. ಮಗುವಿಗೆ ಹೇಗೆ ಗೊತ್ತಾಗಬೇಕು? ‘ನಾನು ತಪ್ಪು ಹೇಳಿಬಿಟ್ನಾ ಅಮ್ಮಾ’ ಅಂತ ರಾತ್ರಿ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಇವತ್ತಿಗೂ ಕರುಳು ಚುರ್ ಅನ್ನುತ್ತದೆ.

ರಾತ್ರಿ ಪಾಳಿಗೆ ಬಂದ ನರ್ಸ್ ಫಿಲಿಪ್ಪೀನ್ಸ್‌ನವರು. ಕಡತದಲ್ಲಿ ಭಾಷೆ ಹಿಂದಿ ಅಂತಿತ್ತು. ‘ಮನೆಯಲ್ಲಿ ಮಾತಾಡೋದು ಯಾವುದು?’ ಅಂತ ಅವರೇ ಕೇಳಿ, ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಹಿಡಿದರು. ಆಗ ಅತ್ತೆ ಬಾಯಿ ಬಿಟ್ಟರು. ‘ಎದೆ ಕೆಳಗೆ ಹಿಂಡಿದ ಹಾಗಾಗ್ತದೆ, ಬೆನ್ನಿಗೆ ಹೊಡೀತದೆ.’ 2 ಇದ್ದದ್ದು 8 ಆಯಿತು.

ಬೆಳಗ್ಗೆ ಎಂಆರ್‌ಐ ಸ್ಕ್ಯಾನ್ ಇತ್ತು, ಮೈಮೇಲೆ ಲೋಹ ಇರಬಾರದು, ಹಾಗಾಗಿ ತಾಳಿ ತೆಗೆಯಬೇಕು. ಅತ್ತೆ ಕತ್ತಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಅದೇ ನರ್ಸ್ ಜೋರು ಮಾಡಲಿಲ್ಲ. ‘ನಿಮ್ಮೂರಲ್ಲಿ ತೆಗೆಯಲೇಬೇಕಾಗಿ ಬಂದರೆ ಏನು ಮಾಡ್ತೀರಿ?’ ಅಂತ ದುಭಾಷಿ ಮೂಲಕ ಕೇಳಿದರು. ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಳ್ಳುತ್ತೇವೆ ಅಂದರು ಅತ್ತೆ. ನಮ್ಮವರು ಮನೆಗೆ ಹೋಗಿ ಡಬ್ಬಿಯಿಂದ ಕೊಂಬು ತಂದರು. ಬರೀ ಹತ್ತಿ ದಾರ, ಲೋಹ ಇಲ್ಲ ಅಂತ ಸ್ಕ್ಯಾನಿಂಗ್‌ನವರನ್ನು ಕೇಳಿ, ನರ್ಸ್ ತಾವೇ ಗಂಟು ಹಾಕಿದರು. ಅವರಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ಕೇಳಿದರು, ಅಷ್ಟೇ. ಮ್ಯಾಡಲೀನ್ ಲೈನಿಂಗರ್ ಅನ್ನುವ ನರ್ಸ್ 1950ರ ದಶಕದಲ್ಲೇ, ಬೇರೆ ಬೇರೆ ಸಂಸ್ಕೃತಿಯ ಮಕ್ಕಳನ್ನು ನೋಡಿಕೊಳ್ಳುವಾಗ, ಎಲ್ಲರಿಗೂ ಒಂದೇ ಥರದ ಆರೈಕೆ ಒಗ್ಗುವುದಿಲ್ಲ ಅಂತ ಕಂಡುಕೊಂಡಿದ್ದರು. ಈಗ ಅದು ನರ್ಸಿಂಗ್ ಓದಿನಲ್ಲೇ ಇದೆ.

ಇನ್ನೊಂದು ಗೊತ್ತಿರಲಿ. ಅಮೆರಿಕದ 2010ರ ಅಫೋರ್ಡಬಲ್ ಕೇರ್ ಅನ್ನುವ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಪುಕ್ಕಟೆ ಕೊಡಬೇಕು. ತುರ್ತಿನಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ ಬಿಟ್ಟು, ಮಕ್ಕಳ ಕೈಲಿ ಈ ಕೆಲಸ ಮಾಡಿಸುವ ಹಾಗಿಲ್ಲ. ಫಾರ್ಮಿನಲ್ಲಿ ಭಾಷೆ ಕನ್ನಡ ಅಂತಲೇ ಬರೆಸಿ. ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ದುಭಾಷಿ ಬೇಕು ಅಂತ ಹೇಳಿಬಿಡಿ, ಕನ್ನಡಕ್ಕೆ ಜನ ಸಿಗುವುದು ಸ್ವಲ್ಪ ತಡ ಆಗಬಹುದು.

ನಮ್ಮಲ್ಲಿ ನರ್ಸ್ ಆಗಿರುವ ಅಕ್ಕಂದಿರು ಇದ್ದೀರಲ್ವಾ, ಇಷ್ಟಲಿಂಗ ಧರಿಸುವವರನ್ನು ಆಪರೇಷನ್‌ಗೆ ಕರೆದೊಯ್ಯುವಾಗ ನೀವು ಹೇಗೆ ಮಾಡುತ್ತೀರಿ? ಬರುವ ತಿಂಗಳು ನಮ್ಮ ಪಕ್ಕದ ಮನೆಯವರ ತಂದೆಗೆ ಆಪರೇಷನ್ ಇದೆ.