ಪುಟ್ಟಿ, ಆ ಬಾಗು ಡಿಫೆಕ್ಟ್ ಅಲ್ಲ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಚಿನ್ನು ಜನವರಿಯಲ್ಲಿ ಗುಲ್ಮಾರ್ಗ್‌ಗೆ ಸ್ನೋಬೋರ್ಡಿಂಗ್ ಕಲಿಯಲು ಹೋಗುತ್ತಾನೆ, ಆಲ್-ಮೌಂಟನ್ ಬೋರ್ಡ್ ಅಂತ ಒಂದು ನೋಡಿಟ್ಟಿದ್ದಾನೆ, ಅದರ ಎರಡೂ ತುದಿ ಸ್ವಲ್ಪ ಮೇಲಕ್ಕೆ ಬಾಗಿದೆ, ಕೇಳಿದರೆ ರಾಕರ್ ಅಂತಾನೆ, "ಬಾಗಿದ ಮಾಲು ತಗೊಳ್ಳೋದಾ ಅತ್ತೆ, ನಂಗೆ ಭಯ" ಅಂತ ಬರೆದಿದ್ದೀಯ. ಕೆಳಗೆ ಆರು ಜನ ಕೈಮುಗಿದಿದ್ದಾರೆ. ಉತ್ತರ ಒಬ್ಬರದೂ ಇಲ್ಲ.

ವಾಯ್ಸ್ ಮೆಸೇಜ್ ಕಳಿಸಿದರೆ ಸ್ಪೀಡ್ ಜಾಸ್ತಿ ಮಾಡಿ, ನನ್ನ ದನಿ ಇಲಿ ಥರ ಮಾಡಿಕೊಂಡು ನಗುತ್ತೀರಿ. ಅದಕ್ಕೇ ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಸಿಯಾಟಲ್‌ನಿಂದ ಬರುವ ಅವನ ಫ್ರೆಂಡು ಅರ್ಧ ಬೆಲೆಗೆ 162 ಸೆಂಟಿಮೀಟರ್‌ದು ಒಂದು ತಂದುಕೊಡುತ್ತಾನೆ ಅಂತಲೂ ಬರೆದಿದ್ದೀಯಲ್ಲ? ಅದನ್ನು ಓದಿದ ಮೇಲೆ ನನಗೆ ಬೇರೇನೂ ಕಾಣುತ್ತಿಲ್ಲ. ಅರ್ಧ ಬೆಲೆ ಅಂತ ಉದ್ದದ ಬೋರ್ಡ್ ತಗೊಳ್ಳಬಾರದು. ನನ್ನ ಬಲಗೈ ಹೋದದ್ದೇ ಹಾಗೆ.

2002ರ ಫೆಬ್ರವರಿ. ನಾನು ಡೆನ್ವರ್‌ನಲ್ಲಿ ಆನ್‌ಸೈಟ್ ಇದ್ದೆ, ನಿಮಗೆಲ್ಲ ಗೊತ್ತೇ ಇದೆ. ಆಫೀಸಿನವರೆಲ್ಲ ಶನಿವಾರ ಬೆಟ್ಟಕ್ಕೆ ಹೊರಟರು. ನಾನೂ ಹೊರಟೆ, 38 ವರ್ಷಕ್ಕೆ. ಅಂಗಡಿಯಲ್ಲಿ ಗೋಡೆಗೆ ಒರಗಿಸಿದ ಒಂದು ಬೋರ್ಡ್‌ಗೆ ಕೆಂಪು ಚೀಟಿ ಅಂಟಿಸಿದ್ದರು, ಅರ್ಧ ಬೆಲೆ. 158 ಸೆಂಟಿಮೀಟರ್. ನನ್ನ ಎತ್ತರ 157! ಅಂಗಡಿಯ ಹುಡುಗ "ಸೂಪರ್ ಬೋರ್ಡ್, ಕಲಿತ ಮೇಲೆ ಇದೇ ಬೇಕಾಗುತ್ತದೆ" ಅಂದ. ನನ್ನ ತೂಕ ಆಗ 52 ಕೆಜಿ. ಅವನು ತೂಕ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅರ್ಧ ಬೆಲೆ ಅಂದರೆ ನಮ್ಮ ಮನೆಯವರಿಗೆ ಕಿವಿ ಕೇಳುವುದಿಲ್ಲ ಅಲ್ವಾ.

ಆಗಿನ ಬೋರ್ಡ್‌ಗಳೆಲ್ಲ ಹೆಚ್ಚುಕಡಿಮೆ ಕ್ಯಾಂಬರ್. ಅಂದರೆ ನೆಲದ ಮೇಲಿಟ್ಟರೆ ನಡು ಸ್ವಲ್ಪ ಮೇಲಿರುತ್ತದೆ, ತುದಿಗಳ ಹತ್ತಿರ ಎರಡು ಕಡೆ ನೆಲ ಮುಟ್ಟುತ್ತದೆ. ಮೇಲೆ ನಿಂತರೆ ನಡುವೂ ಕೂರುತ್ತದೆ, ಇಡೀ ಅಂಚು ಹಿಮವನ್ನು ಕಚ್ಚಿ ಹಿಡಿಯುತ್ತದೆ. ಬಲ್ಲವರಿಗೆ ಅದು ಚಿನ್ನ. ಕಲಿಯುವವರಿಗೆ ಮಾತ್ರ ಕಷ್ಟ, ಬೋರ್ಡ್ ತೂಕಕ್ಕೆ ಮೀರಿ ಉದ್ದವಿದ್ದರೆ ಇನ್ನೂ ಕಷ್ಟ.

ಮೂರನೇ ಸಲ ಇಳಿಯುತ್ತಿದ್ದೆ. ಬೋರ್ಡನ್ನು ಅಡ್ಡ ಹಿಡಿದು, ಬೆಟ್ಟದ ಕಡೆ ಮುಖ ಮಾಡಿ, ಬೆರಳಿನ ಕಡೆಯ ಅಂಚಿನ ಮೇಲೆ ನಿಧಾನಕ್ಕೆ ಜಾರುತ್ತಿದ್ದೆ. ಯಾರೋ ಹಿಂದೆ ಕೂಗಿದರು ಅಂತ ಸ್ವಲ್ಪ ತಿರುಗಿದೆ ಅಷ್ಟೆ. ಹಿಮ್ಮಡಿ ಕಡೆಯ ಅಂಚು ಹಿಮಕ್ಕೆ ಸಿಕ್ಕಿತು. ಎಡ್ಜ್ ಕ್ಯಾಚ್ ಅನ್ನುತ್ತಾರೆ. ಜಾರಿ ಬಿದ್ದ ಹಾಗಲ್ಲ ಪುಟ್ಟಿ, ಕಾಲ ಕೆಳಗಿನ ಚಾಪೆಯನ್ನು ಯಾರೋ ಸರಕ್ಕನೆ ಎಳೆದ ಹಾಗೆ. ಅಂಗೈ ಹಿಂದಕ್ಕೆ ಊರಿದೆ. ಮಣಿಕಟ್ಟಿನಲ್ಲಿ ಹಪ್ಪಳ ಮುರಿದ ಸದ್ದು. ನೋವು ಆಮೇಲೆ ಬಂತು. ಮೊದಲು ಕೇಳಿದ್ದು ಆ ಸದ್ದು.

ಆರು ವಾರ ಪ್ಲಾಸ್ಟರ್. ಎಡಗೈಯಲ್ಲಿ ಅನ್ನ ಕಲಸಿ ತಿನ್ನಲು ಮನಸ್ಸು ಒಪ್ಪದೆ ಚಮಚ ಹಿಡಿದೆ. ಜಡೆ ಹಾಕಲು ಆಗದೆ ಕೂದಲು ಕತ್ತರಿಸಿಕೊಂಡೆ. ಆ ಫೋಟೋ ನೋಡಿ ನೀವು ಫ್ಯಾಷನ್ ಅಂದಿರಿ. ಚಿನ್ನುಗೆ ಇದನ್ನೆಲ್ಲ ಓದಿ ಹೇಳು. ಮತ್ತೆ ಹೇಳುತ್ತೇನೆ, ಅರ್ಧ ಬೆಲೆ ಅಂತ ಉದ್ದದ ಬೋರ್ಡ್ ತಗೊಳ್ಳಬಾರದು. ಪುಕ್ಕಟೆ ಕೊಟ್ಟರೂ 162 ಬೇಡ.

ಫೋನ್ ಮಾಡಿದಾಗ ಅಮ್ಮ ಮಾತಾಡಿದ್ದು ಮೂರು ನಿಮಿಷ. ಎರಡು ನಿಮಿಷ ಬೈದರು, "ಆ ವಯಸ್ಸಿನಲ್ಲಿ ನಿನಗೆ ಬೇಕಿತ್ತಾ" ಅಂತ. ಅಣ್ಣ ಫೋನ್ ತಗೊಂಡು ಬೋರ್ಡಿಗೆ ಎಷ್ಟು ಕೊಟ್ಟೆ ಅಂದ. ಕೈ ಹೇಗಿದೆ ಅಂತ ಕೇಳಲಿಲ್ಲ. ಅಣ್ಣ, ನೀನೂ ಈ ಗ್ರೂಪಿನಲ್ಲಿದ್ದೀಯ, ಓದಲಿ ಅಂತಲೇ ಬರೆಸುತ್ತಿದ್ದೇನೆ. 2004ರಲ್ಲಿ ವಾಪಸ್ ಬರುವಾಗ ಅದನ್ನು ಡಾಲರ್ ಕೊಟ್ಟು ಹೊತ್ತು ತಂದೆ. ಜಯನಗರದ ಮನೆಯ ಅಟ್ಟದಲ್ಲಿ ಬೆಡ್‌ಶೀಟ್ ಸುತ್ತಿ ಇಟ್ಟೆ. ಮುಂದಿನ ಬೇಸಿಗೆಯಲ್ಲಿ ಬಂದು ನೋಡಿದರೆ ತಾರಸಿ ಮೇಲೆ ಎರಡು ಇಟ್ಟಿಗೆ, ಅದರ ಮೇಲೆ ನನ್ನ ಬೋರ್ಡ್, ಬೋರ್ಡಿನ ಮೇಲೆ ಪ್ಲಾಸ್ಟಿಕ್ ಹಾಸಿ ಅಕ್ಕಿ ಸಂಡಿಗೆ! "ಉದ್ದ ಚೆನ್ನಾಗಿದೆ, ಒಂದು ಪಾವು ಅಕ್ಕಿಯದು ಹಿಡಿಯುತ್ತದೆ" ಅಂದರು ಅತ್ತಿಗೆ. ಬಿಸಿಲಿಗೆ ತಳದ ವ್ಯಾಕ್ಸ್ ಕರಗಿ ಇಟ್ಟಿಗೆಗೆ ಮೆತ್ತಿಕೊಂಡಿತ್ತು. ಎರಡು ವರ್ಷ ಸಂಡಿಗೆ ಒಣಗಿಸಿ, ಆಮೇಲೆ ಹಳೇ ಪೇಪರಿನವನಿಗೆ ಹಾಕಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಇವತ್ತು ಮೊಮ್ಮಗನಿಗೆ ಬೋರ್ಡ್ ಬೇಕಾದಾಗ ನನ್ನ ನೆನಪು ಬಂದಿದೆ. ಸಂಡಿಗೆ ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ.

ಏನು ಕೇಳಿದ್ದೆ ನೀನು? ಹಾಂ, ಬಾಗು.

ಪುಟ್ಟಿ, ಆ ಬಾಗು ಬೇಕು. ತೊಟ್ಟಿಲಿನ ತಳ ನೋಡಿದ್ದೀಯಲ್ಲ, ನಡು ನೆಲಕ್ಕೆ, ತುದಿ ಮೇಲಕ್ಕೆ. ಅದು ಪೂರ್ತಿ ರಾಕರ್. 2006ರ ಸುಮಾರಿಗೆ ಲಿಬ್ ಟೆಕ್ ಅನ್ನುವ ಬೋರ್ಡ್ ಕಂಪನಿಯವರು ಬಾಳೆಹಣ್ಣಿನ ಹೆಸರಿಟ್ಟೇ ಅಂಥದ್ದೊಂದು ತಂದರು, ಆಮೇಲೆ ಎಲ್ಲರೂ ಶುರು ಮಾಡಿದರು. ಅಂಚು ಅಷ್ಟು ಬೇಗ ಸಿಕ್ಕುವುದಿಲ್ಲ, ಹೊಸ ಹಿಮದಲ್ಲಿ ಬೋರ್ಡಿನ ಮೂತಿ, ಅಂದರೆ ಮುಂದಿನ ತುದಿ, ಮುಳುಗುವುದಿಲ್ಲ. ಆದರೆ ಗಟ್ಟಿ ಹಿಮದಲ್ಲಿ ಪೂರ್ತಿ ರಾಕರ್ ಹಿಡಿತ ಸಾಲದೆ ಅಲ್ಲಾಡುತ್ತದೆ. ಚಿನ್ನು ನೋಡಿರುವುದರಲ್ಲಿ ಕಾಲುಗಳ ನಡುವೆ ಕ್ಯಾಂಬರ್, ತುದಿಗಳಲ್ಲಿ ಮಾತ್ರ ಸ್ವಲ್ಪ ರಾಕರ್ ಅಂತ ಬರೆದಿದ್ದರೆ ಅದೇ ಸರಿ. ಆಲ್-ಮೌಂಟನ್ ಅಂದರೆ ಅದೇ ತಾನೇ, ಸಾಪು ಮಾಡಿದ ಇಳಿಜಾರಿಗೂ ಆಗಬೇಕು, ಹೊಸ ಹಿಮಕ್ಕೂ ಆಗಬೇಕು.

ಬೋರ್ಡ್ ಕೈಗೆ ಬಂದಾಗ ಹಾಲ್‌ನಲ್ಲಿ ನೆಲದ ಮೇಲೆ ಇಡಲಿ. ಒಂದು ಮದುವೆ ಕಾರ್ಡ್ ತಗೊಂಡು ಮೂತಿಯ ಕೆಳಗೆ ತೂರಿಸಿ ಒಳಕ್ಕೆ ತಳ್ಳಲಿ. ಪಾದ ಕಟ್ಟುವ ತೂತುಗಳ ಸಾಲಿಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ನಿಂತರೆ ಅದು ಹಗುರ ರಾಕರ್. ಅದನ್ನೂ ದಾಟಿ ನಡುವಿನವರೆಗೆ ಸಲೀಸಾಗಿ ಹೋದರೆ ಅದು ತೊಟ್ಟಿಲು, ಬೇಡ. ಹಿಂದಿನ ತುದಿಯಲ್ಲೂ ಹಾಗೇ ನೋಡಲಿ.

ಉದ್ದವನ್ನು ಎತ್ತರ ನೋಡಿ ಅಲ್ಲ, ತೂಕ ನೋಡಿ ತಗೊಳ್ಳಬೇಕು. ಅವನು 70 ಕೆಜಿ ದಾಟಿಲ್ಲದಿದ್ದರೆ 154ರಿಂದ 156 ಸಾಕು. ಕಂಪನಿಯವರ ತೂಕದ ಪಟ್ಟಿ ಇರುತ್ತದೆ, ಅದೇ ಕೊನೆಯ ಮಾತು. ಫ್ಲೆಕ್ಸ್, ಅಂದರೆ ಬೋರ್ಡ್ ಎಷ್ಟು ಬಿರುಸು ಅನ್ನುವ ಅಂಕಿ, ಹತ್ತಕ್ಕೆ ನಾಲ್ಕೋ ಐದೋ ಇರಲಿ.

ಪಾದ ಮರೆತೇ ಹೋಗಿತ್ತು! ನಮ್ಮ ಮನೆ ಗಂಡುಮಕ್ಕಳ ಪಾದ ಗೊತ್ತಲ್ಲ. ಅವನಿಗೆ ಅಣ್ಣನ ಪಾದವೇ ಬಂದಿದೆ, 10ನೇ ನಂಬರ್. ಮಾಮೂಲು ಅಗಲದ ಬೋರ್ಡ್ ತಗೊಂಡರೆ ಬೂಟಿನ ಬೆರಳು ಹೊರಗೆ ಚಾಚಿ ತಿರುವಿನಲ್ಲಿ ಹಿಮಕ್ಕೆ ಉಜ್ಜುತ್ತದೆ. ವೈಡ್ ಅಂತ ಬರೆದಿರುವುದು ನೋಡಲಿ, ನಡು 26 ಸೆಂಟಿಮೀಟರ್ ಆಸುಪಾಸು.

ನನ್ನನ್ನು ಕೇಳಿದರೆ ಈಗ ಬೂಟು ಮಾತ್ರ ತಗೊಳ್ಳಲಿ, ಕಾಲಿಗೆ ಹಾಕಿ ನೋಡಿ. ಬೋರ್ಡ್ ಗುಲ್ಮಾರ್ಗ್‌ನಲ್ಲೇ ಬಾಡಿಗೆಗೆ ಸಿಗುತ್ತದೆ. ಎರಡು ದಿನ ಅದರ ಮೇಲೆ ಬೀಳಲಿ, ಆಮೇಲೆ ಕೊಳ್ಳಲಿ. ಅಲ್ಲಿನ ಗೊಂಡೋಲಾ, ಅದೇ ಕೇಬಲ್ ಕಾರ್, ಅದರ ಎರಡನೇ ಹಂತ ಸುಮಾರು 3,980 ಮೀಟರ್‌ಗೆ ಹೋಗುತ್ತದೆ. ಅಲ್ಲಿ ಹಿಮ ಕುಸಿಯುವ ಅಪಾಯ ಇದೆ, ಕಲಿಯುವವರ ಜಾಗ ಅಲ್ಲ. ಕೆಳಗಿನ ಇಳಿಜಾರಿನಲ್ಲೇ ಇರಲಿ. ಹೆಲ್ಮೆಟ್ ಮತ್ತು ಮಣಿಕಟ್ಟಿನ ಗಾರ್ಡ್ ಇಲ್ಲಿಂದಲೇ ಒಯ್ಯಲಿ. ಬೀಳುವಾಗ ಅಂಗೈ ಊರಬಾರದು, ಮುಷ್ಟಿ ಕಟ್ಟಿ ಮುಂಗೈ ಮೇಲೆ ಬೀಳಬೇಕು ಅಂತ ಹೇಳು. ಮನೆಯ ಹಾಸಿಗೆ ಮೇಲೆ ಹತ್ತು ಸಲ ಬಿದ್ದು ಅಭ್ಯಾಸ ಮಾಡಲಿ, ನೀನು ನಗಬೇಡ.

ನಾಳೆ ಬೆಳಗ್ಗೆ ತಿಂಡಿಗೆ ಮುಂಚೆ ಅವನನ್ನು ತೂಕದ ಮಷೀನ್ ಮೇಲೆ ನಿಲ್ಲಿಸಿ, ಆ ನಂಬರಿನ ಫೋಟೋ ಇಲ್ಲೇ ಹಾಕು. ಅವನು ಬಾಯಲ್ಲಿ ಹೇಳುವ ತೂಕ ನನಗೆ ಬೇಡ.