ಮುಚ್ಚದ ಗೇಟು: ‘ಬಳ್ಳಾರಿ ಡಿಪ್ಲೊಮಾ 99’ ಗುಂಪಿನಲ್ಲಿ ಭಾನುವಾರದ ಜಗಳ

ಗಾದಿಲಿಂಗ: (ಫಾರ್ವರ್ಡ್) ಸಿಲಿಕಾನ್ ಕಥೆ ಮುಗಿಯಿತು!! ಗ್ರಾಫೀನ್ ಚಿಪ್ ಬಂತು. ಇನ್ನು ಪೆನ್ಸಿಲ್ ಕಡ್ಡಿಯಿಂದಲೇ ಮೊಬೈಲ್! ಹತ್ತು ಜನರಿಗೆ ಕಳಿಸಿ 🙏

ಶೈಲಜಾ: ಗಾದಿ, ಹೋದ ವರ್ಷವೂ ಇದನ್ನೇ ಕಳಿಸಿದ್ದೆ. ಚಿಪ್ ಇನ್ನೂ ದಾರಿಯಲ್ಲೇ ಇದೆಯಾ?

ಗಾದಿಲಿಂಗ: ನಗಮ್ಮ, ನಗು. ಇದಕ್ಕೆ ನೊಬೆಲ್ ಬಂದಿದೆ. ಸುಮ್ನೆ ಕೊಡ್ತಾರಾ?

ಶೈಲಜಾ: ಬಂದಿದೆ, 2010ರಲ್ಲಿ. ಮ್ಯಾಂಚೆಸ್ಟರಿನ ಗೈಮ್, ನೊವೊಸೆಲೊವ್ ಇಬ್ಬರಿಗೆ. ಗ್ರಾಫೈಟಿಗೆ ಅಂಟು ಟೇಪ್ ಹಚ್ಚಿ, ಕಿತ್ತು, ಮತ್ತೆ ಹಚ್ಚಿ, ಮತ್ತೆ ಕಿತ್ತು ಒಂದೇ ಪರಮಾಣು ದಪ್ಪದ ಪದರ ತೆಗೆದರು. ಅದೇ ಗ್ರಾಫೀನ್. 2004ರಲ್ಲಿ ಪೇಪರ್ ಬಂತು. ಅದರ ಬಗ್ಗೆ ನನ್ನ ತಕರಾರಿಲ್ಲ. ‘ಸಿಲಿಕಾನ್ ಮುಗಿಯಿತು’ ಅಂದೆಯಲ್ಲ, ಅದಕ್ಕೆ.

ಗಾದಿಲಿಂಗ: ಎಲೆಕ್ಟ್ರಾನ್ ಸಿಲಿಕಾನ್‌ಗಿಂತ ಗ್ರಾಫೀನಿನಲ್ಲಿ ಎಷ್ಟೋ ಪಟ್ಟು ಸಲೀಸಾಗಿ ಓಡುತ್ತದೆ. ಅದನ್ನಾದರೂ ಒಪ್ಪು.

ಶೈಲಜಾ: ಓಡುತ್ತದೆ. ನಿಲ್ಲುವುದಿಲ್ಲ, ಅದೇ ತೊಂದರೆ. ಚಿಪ್ ತುಂಬ ಟ್ರಾನ್ಸಿಸ್ಟರ್ ಅನ್ನೋ ಪುಟ್ಟ ಸ್ವಿಚ್ಚುಗಳು, ಒಂದೊಂದಕ್ಕೂ ಗೇಟ್ ಇರುತ್ತದೆ ಅಲ್ವಾ? ಸಿಲಿಕಾನಿಗೆ ಬ್ಯಾಂಡ್ ಗ್ಯಾಪ್ ಇದೆ, ಅಂದರೆ ಎಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರ; ಗೇಟ್ ಮುಚ್ಚಿದರೆ ಕರೆಂಟ್ ನಿಲ್ಲುತ್ತದೆ. ಬರೀ ಗ್ರಾಫೀನಿಗೆ ಆ ಗ್ಯಾಪೇ ಇಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾದಾಗ ನೀರು ನಿಲ್ಲದೆ ಹರಿದದ್ದು ನೋಡಿದೆವಲ್ಲ, ಹಾಗೆ. ಕರೆಂಟ್ ಹರಿದರೆ ಒಂದು, ನಿಂತರೆ ಸೊನ್ನೆ. ಚಿಪ್ಪಿನ ಈ ಲೆಕ್ಕದಲ್ಲಿ ಸೊನ್ನೆ ಬರಲೇಬೇಕಲ್ಲಪ್ಪ.

ರಫೀಕ್: ಆ ಗೇಟಿನ ಮಾತು ಎತ್ತಬೇಡ ತಾಯಿ. ಸಿರುಗುಪ್ಪದಲ್ಲಿ ಭತ್ತ ಹಾಕಿದವರಿಗೆ ಈಗಲೂ ಎದೆ ಝಲ್ ಅನ್ನುತ್ತದೆ.

ಗಾದಿಲಿಂಗ: ಹಾಗಾದರೆ ಗ್ರಾಫೀನ್ ದಂಡ ಅಂತೀಯಾ?

ಶೈಲಜಾ: ಎಲ್ಲಿ ಅಂದೆ? ಗೇಟ್ ಮುಚ್ಚುವುದೇ ಬೇಡದ ಕೆಲಸವೂ ಇದೆ. ರಫೀಕ್, ಅಂಗಡಿಯಲ್ಲಿ ಹಾಲ್ ಸೆನ್ಸರ್, ಅದೇ ಮ್ಯಾಗ್ನೆಟ್ ಗುರುತಿಸುವ ಚೂರು, ಇದ್ದರೆ ಫೋಟೊ ಹಾಕು.

ರಫೀಕ್: (ಫೋಟೊ) ಈಗಷ್ಟೇ ಬಿಚ್ಚಿದ ಎಲೆಕ್ಟ್ರಿಕ್ ಸ್ಕೂಟರ್ ಮೋಟರ್. ಒಳಗೆ ಮೂರು ಕಪ್ಪು ಚೂರು, ಒಂದೊಂದಕ್ಕೂ ಮೂರು ಕಾಲು. ಕೆಂಪು ವೈರಿಗೆ 5 ವೋಲ್ಟ್, ಕಪ್ಪು ಗ್ರೌಂಡ್. ಹಳದಿ, ಹಸಿರು, ನೀಲಿಗೆ ಮೀಟರ್ ಹಿಡಿದು ಚಕ್ರ ನಿಧಾನಕ್ಕೆ ತಿರುಗಿಸಿದರೆ 0, 5, 0, 5 ಅಂತ ಕುಣಿಯಬೇಕು. ಹಸಿರು ಕುಣಿಯುತ್ತಿಲ್ಲ. ಗಾಡಿ ಜರ್ಕ್ ಹೊಡೆಯುತ್ತದೆ ಅಂತ ತಂದಿದ್ದು. ಯಾರ ಗಾಡಿ ಅಂತ ಆಮೇಲೆ ಹೇಳ್ತೀನಿ.

ಶೈಲಜಾ: ಅದೇ ಹಾಲ್. 1879ರಲ್ಲಿ ಎಡ್ವಿನ್ ಹಾಲ್ ಚಿನ್ನದ ರೇಕಿನಲ್ಲಿ ಕರೆಂಟ್ ಹರಿಸಿ ಮ್ಯಾಗ್ನೆಟ್ ಹಿಡಿದ. ಎಲೆಕ್ಟ್ರಾನುಗಳು ಒಂದು ಅಂಚಿಗೆ ಸರಿದವು, ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟಿತು. ರೇಕು ತೆಳುವಾದಷ್ಟೂ, ಓಡುವ ಎಲೆಕ್ಟ್ರಾನ್ ಕಡಿಮೆಯಾದಷ್ಟೂ ಆ ವೋಲ್ಟೇಜ್ ಜಾಸ್ತಿ. ಗ್ರಾಫೀನಿಗಿಂತ ತೆಳು ಇನ್ನೇನು ಬೇಕು? ಇಲ್ಲಿ ಕರೆಂಟ್ ನಿಲ್ಲಿಸುವ ಮಾತೇ ಇಲ್ಲ, ಹರಿಯುತ್ತಲೇ ಇರಬೇಕು. ಚಿಪ್ಪಿನಲ್ಲಿ ಕೈಕೊಟ್ಟ ಗುಣ ಇಲ್ಲಿ ಅಡ್ಡಿಯೇ ಅಲ್ಲ.

ಗಾದಿಲಿಂಗ: ನೋಡಿದ್ರಾ! ರಫೀಕ್, ಗ್ರಾಫೀನ್ ಸೆನ್ಸರೇ ಹಾಕಿಬಿಡು.

ರಫೀಕ್: ಯಾಕೆ? ಎದುರಿಗೆ ಬಂದಿದ್ದು ಮ್ಯಾಗ್ನೆಟ್ಟಿನ ಯಾವ ತುದಿ, ಅಷ್ಟು ಹೇಳಿದರೆ ಇದರ ಕೆಲಸ ಮುಗಿಯಿತು. ಅದಕ್ಕೆ ಸಿಲಿಕಾನೇ ಧಾರಾಳ. ನೀರು ಹೊಕ್ಕು ಕಾಲಿಗೆ ತುಕ್ಕು ಹಿಡಿದಿದೆ. ಒಳಗೆ ಗ್ರಾಫೀನ್ ಇದ್ದರೂ ಕಾಲು ಲೋಹದ್ದೇ ತಾನೆ?

ಅಡ್ಮಿನ್ ಮಂಜುನಾಥ: ಇವತ್ತು ಒಂದೂ ಗುಡ್ ಮಾರ್ನಿಂಗ್ ಹೂವು ಬಂದಿಲ್ಲ. ಎಲ್ಲರೂ ಹುಷಾರಾಗಿದ್ದೀರಾ?

ಶೈಲಜಾ: ರಫೀಕ್ ಹೇಳಿದ್ದು ಸರಿ. ಗ್ರಾಫೀನ್ ಬೇಕಾಗುವ ಜಾಗ ಬೇರೆ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಪರಮಾಣುವಿನೊಳಗಿನ ಕಣ ಓಡಿಸುವ ದೊಡ್ಡ ಮ್ಯಾಗ್ನೆಟ್‌ಗಳು ಮೈನಸ್ 271 ಡಿಗ್ರಿಯಲ್ಲಿ ಕೆಲಸ ಮಾಡುತ್ತವೆ. ಮ್ಯಾಗ್ನೆಟ್ ಅಳೆಯುವುದಕ್ಕೆ ಗ್ರಾಫೀನ್ ಹಾಲ್ ಸೆನ್ಸರನ್ನು ಅಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ.

ಗಾದಿಲಿಂಗ: ನಮ್ಮ ಬಿಸಿಲಲ್ಲಿ ಕೂತು ಮೈನಸ್ 271 ಅಂತ ಓದಿದರೇ ತಂಪು. ಇನ್ನೊಂದು ಬಂದಿದೆ: ಇದೇ ಗೈಮ್ ಮ್ಯಾಗ್ನೆಟ್ ಇಟ್ಟು ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದನಂತೆ. ಇದೂ ಸುಳ್ಳು ತಾನೆ?

ಶೈಲಜಾ: ಅದು ನಿಜ. 2000ದಲ್ಲಿ ಇಗ್ ನೊಬೆಲ್, ಅದೇ ನಗಿಸಿ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆ ಬಹುಮಾನ, ಬಂದಿದ್ದೇ ಆ ಕಪ್ಪೆಗೆ.

ಗಾದಿಲಿಂಗ: ಥೂ, ಅದನ್ನೇ ಕಳಿಸಬೇಕಿತ್ತು.

ರಫೀಕ್: ಹಸಿರು ಕುಣಿಯಿತು, ಮುಚ್ಚಳ ಹಾಕ್ತಿದ್ದೀನಿ. ಗಾದಿ, ಮಧ್ಯಾಹ್ನ ಬಂದು ಗಾಡಿ ತಗೊಂಡು ಹೋಗು. ಚಕ್ರಕ್ಕೆ ಪೈಪ್ ಹಿಡಿದು ತೊಳೆಯಬೇಡ ಅಂತ ಮಗಳಿಗೆ ಹೇಳು.